ಪಟದಲ್ಲಿಲ್ಲದ ದಾಳಿಂಬೆ

ಅಲ್ಲಲ್ಲ, ಗುದ್ಲಿ ಇಳ್ಸು ಕ್ಯಾತಪ್ಪ. ಬೂದಿ ಗೆರೆ ತುಳೀಬ್ಯಾಡ. ಬೆಳಗ್ಗೆಯಿಂದ ಬಗ್ಗಿ ಬಗ್ಗಿ ಎಳ್ದಿದೀನಿ ಕಣಪ್ಪ, ಸೊಂಟ ಬಿದ್ದೋಯ್ತು.

ಯಾಕೆ ನಗ್ತೀಯ? ಈ ಗಂಗರತ್ನಮ್ಮಂಗೆ ಹಿತ್ಲು ತುಂಬಾ ರಂಗೋಲಿ ಹಾಕೋ ಹುಚ್ಚು ಅಂತಲಾ? ರಂಗೋಲಿ ಅಲ್ಲ ಇದು, ತೋಟ. ತಗೋ, ಫೋಟೋ ಪಟ ನೋಡು. ಕೈ ಒರೆಸ್ಕೋ ಮೊದ್ಲು. ನಮ್ಮನೆಯವ್ರು ಮೈಸೂರಿಂದ ಕಳಿಸವ್ರೆ. ಮಾರಾಜ್ರ ಕಚೇರೀಲಿ ಗುಮಾಸ್ತೆ ಅಲ್ವಾ, ಅಲ್ಲಿ ಇಂಥ ತೋಟ ಎಷ್ಟೋ... ಮಧುಗಿರಿ ಹಿತ್ಲನ್ನೂ ಇಂಗೇ ಮಾಡ್ಸು, ದಸರಾ ಮುಗಿಸ್ಕೊಂಡು ಬಂದ್ಬುಡ್ತೀನಿ ಅಂತ ಬರ್ದವ್ರೆ. ಕಾಗದನಾ? ಎಲ್ಲೋ ಇಟ್ಟಿದೀನಿ ಬುಡು.

ಪಟದಲ್ಲಿ ಗುಂಡಗೆ ಪಾತಿ ಐತಲ್ಲ, ಅದೇ ಇಲ್ಲಿ ಈ ಗೆರೆ. ಗುಲಾಬಿ. ಸುತ್ತ ಇಟ್ಟಿಗೆ ಓರೆಯಾಗಿ ನಿಲ್ಸವ್ರೆ ನೋಡು, ಹಲ್ಲು ಹಲ್ಲಾಗಿ. ಇದು ಕಾಲುದಾರಿ, ಇಬ್ರು ಜೊತೇಲಿ ನಡೆಯೋವಷ್ಟು. ಒಬ್ಳೇ ಇರೋಳಿಗೆ ಅಷ್ಟಗಲ ಯಾಕೆ ಅಂತೀಯಾ? ಅವ್ರು ಬರ್ತಾರಲ್ಲಪ್ಪ... ಹನ್ನೊಂದು ವರ್ಷ ಒಬ್ಳೇ ಉಂಡಿದೀನಿ. ಸಾಕಾಗೈತೆ.

ಆ ದಾಳಿಂಬೆ ಗಿಡನಾ? ಕಿತ್ತಾಕು. ಹೂಂ, ನಾನೇ ನೆಟ್ಟಿದ್ದು, ಮದ್ವೆಯಾಗಿ ಬಂದ ವರ್ಷ. ಪಟದಲ್ಲಿ ಇಲ್ವಲ್ಲ, ಕಿತ್ತಾಕು.

ಆ ಮೂಲೇಲಿ ಎರಡು ಕಂಬಕ್ಕೆ ಗುಳಿ ತೋಡ್ಬೇಕು. ಉಯ್ಯಾಲೆಗೆ. ಸಣ್ಣದು, ನನ್ನ ಮೊಣಕಾಲೆತ್ತರ ಮಣೆ ಬಂದ್ರೆ ಸಾಕು...

ಯಾಕೆ ಪಟ ತಿರುಗ್ಸಿ ತಿರುಗ್ಸಿ ನೋಡ್ತೀಯ? ಉಯ್ಯಾಲೆ ಅದ್ರಲ್ಲಿ ಇಲ್ಲ ಅಂತಲಾ? ಅದು... ಮನ್ಸಿಗೆ ಬಂತು, ಗೆರೆ ಹಾಕ್ದೆ. ಬ್ಯಾಡ ಕ್ಯಾತಪ್ಪ, ಪಟದ ಅಂಚು ಹಿಂದಕ್ಕೆ ಮಡಿಸಿದೀನಲ್ಲ, ಆ ಮಡಿಕೆ ಬಿಚ್ಚಬ್ಯಾಡ.

ಬಿಚ್ಚಿಬುಟ್ಟೆ.

ಹೂಂ, ನಮ್ಮನೆಯವ್ರೇ. ಪಕ್ಕದಲ್ಲಿ ನಿಂತಿರೋಳು ನೆಂಟ್ರೋಳಲ್ಲ. ಉಯ್ಯಾಲೆ ಮೇಲಿನ ಕೂಸಿನ ಮೂಗು ನೋಡು, ಅವ್ರದ್ದೇ. ಯಾರೂ ಕಳಿಸ್ಲಿಲ್ಲ, ಕಾಗದಾನೂ ಇಲ್ಲ. ಹೋದ ಸಂಕ್ರಾಂತಿಗೆ ಬಂದಾಗ ಕೋಟು ಒಗೆಯಾಕೆ ತಗೊಂಡೆ, ಜೇಬಲ್ಲಿ ಸಿಕ್ತು. ಪಟ ಎಲ್ಲಿ ಅಂತ ಅವ್ರು ಕೇಳ್ಲೂ ಇಲ್ಲ, ನಾನು ಹೇಳ್ಲೂ ಇಲ್ಲ. ಆವತ್ತು ಹೋದೋರು...

ಅಲ್ಲಿ ಇದ್ದಂಗೇ ಇಲ್ಲೂ ಇದ್ರೆ, ಇಲ್ಲೂ ನಾಕು ದಿನ ಕೂತ್ಕೋಬೌದು ಅಂತ ಕಣಪ್ಪ. ಕೂಸನ್ನ ಕರ್ಕೊಂಡೇ ಬರ್ಲಿ. ಅದ್ಕೇ ಉಯ್ಯಾಲೆ.

ಎಲ್ಲಿಗೆ ಹೊಂಟೆ ಗುದ್ಲಿ ತಗೊಂಡು? ಗೆರೆ ಎಲ್ಲಾ ತುಳಿದ್ಬುಟ್ಟೆ ನೋಡು. ಅಲ್ಲ, ಅದು ದಾಳಿಂಬೆ ಬುಡ... ಕೀಳ್ದೆ ಪಾತಿ ಮಾಡ್ತಿದೀಯಾ?

ಇರು, ನೀರು ತತ್ತೀನಿ.