ಬೀಗ ಹಾಕಿದ ನಾಟಕ

ಅಧ್ಯಕ್ಷತೆ ವಹಿಸಿರುವ ಮುಖ್ಯೋಪಾಧ್ಯಾಯಿನಿಯವರೇ, ಎರಡು ಗಂಟೆ ಗಟ್ಟಿ ಕುರ್ಚಿಯಲ್ಲಿ ಕುಳಿತೂ ನಗುತ್ತಿರುವ ಮುಖ್ಯ ಅತಿಥಿಗಳೇ, ಮಕ್ಕಳ ಅಪ್ಪ ಅಮ್ಮಂದಿರೇ, ಕೊನೆಯ ಸಾಲಿನಲ್ಲಿ ಆಗಲೇ ಚಪ್ಪಲಿ ಹುಡುಕುತ್ತಿರುವ ಮಹಾಶಯರೇ, ಸಮಸ್ತ ಸಭಿಕರೇ!

ಮೈಕು ಬೇಡ, ತೆಗೆಯಿರಿ. ನನ್ನ ಗಂಟಲಿನ ಮುಂದೆ ಮೈಕಿಗೇ ಅಪಾಯ. ನಾಟಕದ ಮೀಸೆ ಇನ್ನೂ ಕಿತ್ತು ಬಂದಿಲ್ಲ, ರಾಜನಾಗಿಯೇ ಮಾತಾಡುತ್ತೇನೆ.

ಮುಂದಿನ ವರ್ಷದಿಂದ ನಮ್ಮ ಮಕ್ಕಳು ಪ್ರಬಂಧ, ಪತ್ರ, ನಾಟಕಗಳನ್ನು ಎಲ್ಲಿ ಬರೆಯಬೇಕು? ಲ್ಯಾಬಿನ ಕಂಪ್ಯೂಟರಿನೊಳಗೇ ಇರುವ ಡೆಸ್ಕ್‌ಟಾಪ್ ತಂತ್ರಾಂಶದಲ್ಲೋ, ಎಲ್ಲರೂ ಒಂದೇ ಹಾಳೆಗೆ ಕೈಹಾಕುವ ಆನ್‌ಲೈನಿನಲ್ಲೋ? ಭಾಷಾ ಮೇಷ್ಟ್ರುಗಳಲ್ಲಿ ಹಿರಿಯನೆಂದು ತೀರ್ಪಿನ ಭಾರ ನನ್ನ ತಲೆಗೆ ಬಂದಿದೆ. ಆನ್‌ಲೈನ್ ಬೇಕೆಂದು ಕಂಪ್ಯೂಟರ್ ಟೀಚರಮ್ಮ ಕೊಟ್ಟ ಅರ್ಜಿ ಎರಡು ವರ್ಷದಿಂದ ನನ್ನ ಮೇಜಿನ ಡ್ರಾಯರಿನಲ್ಲಿ ನಿದ್ದೆ ಹೊಡೆಯುತ್ತಿತ್ತು. ಏಕೆ? ಕೇಳಿ!

ನನ್ನ ತಂದೆ ನಾಟಕ ಕಂಪನಿಯ ಯಜಮಾನರು. ಪೂರ್ತಿ ನಾಟಕದ ಪ್ರತಿ ಒಂದೇ. ಅದು ಮರದ ಪೆಟ್ಟಿಗೆಯಲ್ಲಿ. ಬೀಗದ ಕೈ ಅವರ ಸೊಂಟದಲ್ಲಿ. ನಟರಿಗೆ ಸಿಗುತ್ತಿದ್ದದ್ದು ಅವರವರ ಮಾತಿನ ಚೀಟಿ ಮಾತ್ರ. "ಪೂರ್ತಿ ಕೊಟ್ರೆ ನಾಳೆ ಬೆಳಿಗ್ಗೆ ಎದುರಿಗೇ ಇನ್ನೊಂದು ಕಂಪನಿ ಕಟ್ತಾರೆ ಕಣೋ" ಎನ್ನುತ್ತಿದ್ದರು. "ನಾನು ನಿಮ್ಮ ಮಗ ಅಲ್ವಾ ಅಪ್ಪಾ?" ಎಂದರೆ, "ಅದಕ್ಕೇ ಜಾಸ್ತಿ ಭಯ!"

ಆ ಅಪ್ಪನ ಮಗ ನಾನು! ಇವತ್ತು ನೀವು ನೋಡಿದ ನನ್ನ ನಾಟಕವೂ ಒಂದೇ ಕಂಪ್ಯೂಟರಿನಲ್ಲಿ, ಪಾಸ್‌ವರ್ಡಿನ ಕಾವಲಿನಲ್ಲಿ. ಮೂವತ್ತೆರಡು ಮಕ್ಕಳಿಗೆ ಮೂವತ್ತೆರಡು ಚೀಟಿ. ಮೂರು ವಾರದ ಹಿಂದೆ ಆ ಕಂಪ್ಯೂಟರ್ ಒಮ್ಮೆ ಕೆಮ್ಮಿತು. ಆಮೇಲೆ ಮಾತಿಲ್ಲ, ಕತೆಯಿಲ್ಲ. ಇನ್ನೊಂದು ಪ್ರತಿ ಇಟ್ಟಿರಲಿಲ್ಲವೇ? ಇಟ್ಟಿದ್ದೆ ಸ್ವಾಮಿ! ಅದೇ ಕಂಪ್ಯೂಟರಿನಲ್ಲಿ, ಪಕ್ಕದ ಫೋಲ್ಡರಿನಲ್ಲಿ!

ಟೀಚರಮ್ಮ ಬಂದರು. "ಸರ್, ಅಳೋದು ಆಮೇಲೆ. ಚೀಟಿ ಮಕ್ಕಳ ಹತ್ರ ಇದೆಯಲ್ಲಾ?" ಎಂದರು. ಆನ್‌ಲೈನಿನಲ್ಲಿ ಒಂದು ಹಾಳೆ ತೆರೆದರು. ಮಕ್ಕಳೆಲ್ಲ ಒಟ್ಟಿಗೆ ತಮ್ಮ ತಮ್ಮ ಮಾತು ಟೈಪ್ ಮಾಡಿದರು. ಒಂದೇ ಪೀರಿಯಡ್ಡಿನಲ್ಲಿ ಸತ್ತ ನಾಟಕ ಎದ್ದು ಕುಳಿತಿತು! ನಿಜ, ನಡುವೆ ಎರಡು ಸಲ ನೆಟ್ ಹೋಯಿತು. ನಿಜ, ಸೇನಾಪತಿಯ ಮಾತನ್ನು ಯಾರೋ ಅಳಿಸಿದರು. ಯಾರೆಂದು ಹಾಳೆಯೇ ಚಾಡಿ ಹೇಳಿತು. ಎರಡನೇ ಅಂಕದಲ್ಲಿ ಸಾಯಬೇಕಿದ್ದ ಮಂತ್ರಿ ತನ್ನ ಸಾವನ್ನು ಮಾತ್ರ ಟೈಪ್ ಮಾಡದೆ ಕೊನೆಯವರೆಗೂ ಬದುಕಿದ್ದನ್ನು ನೀವೇ ನೋಡಿದಿರಿ.

ಆದರೆ ರಾಜ? ರಾಜನ ಪಾತ್ರ ನನ್ನದು. ಅದಕ್ಕೆ ಚೀಟಿಯೇ ಇರಲಿಲ್ಲ. ತಾಲೀಮಿನಲ್ಲಿ ಕಂಪ್ಯೂಟರಿನ ಪರದೆ ನೋಡಿ ಓದುತ್ತಿದ್ದವನಿಗೆ ಅರ್ಧವೂ ನೆನಪಿಲ್ಲ. ಮಕ್ಕಳಿಗಿತ್ತು! ಕೇಳಿದ್ದನ್ನೆಲ್ಲ ಬರೆದರು. "ಎಲೈ ಶತ್ರುವೇ, ನಿನ್ನ ರುಂಡವನ್ನು... ಏ, ಕಿಟಕಿ ಹಾಕ್ರೋ! ನನ್ನ ಕನ್ನಡಕ ಯಾರು ತಗೊಂಡ್ರು?"

ಅಳಿಸಲು ಹೋದೆ. ರಾಣಿಯ ಪಾತ್ರದ ಹುಡುಗಿ ಹಾಳೆಯ ಅಂಚಿನಲ್ಲಿ ಬರೆದಳು: "ತೆಗೀಬೇಡಿ ಸರ್. ರಾಜ ಇಷ್ಟ ಆಗೋದೇ ಅಲ್ಲಿ." ತೆಗೆಯಲಿಲ್ಲ. ಇವತ್ತು ನೀವು ಹೊಟ್ಟೆ ಹಿಡಿದು ನಕ್ಕಿದ್ದು ಆ ಮಾತಿಗೇ! ನಾನು ಬರೆದ ಒಂದು ಹಾಸ್ಯಕ್ಕೂ ನಗಲಿಲ್ಲ ಬಿಡಿ.

ಅಪ್ಪನ ಪೆಟ್ಟಿಗೆ ಈಗ ನನ್ನ ಮಂಚದ ಕೆಳಗಿದೆ. ಒಂಬತ್ತು ನಾಟಕ. ಅವರು ಹೋಗಿ ಇಪ್ಪತ್ತು ವರ್ಷವಾದರೂ ನಾನು ಯಾರಿಗೂ ತೋರಿಸಿರಲಿಲ್ಲ. ಮೊನ್ನೆ ಬೀಗ ತೆಗೆದೆ. ಮೂರು ನಾಟಕಗಳನ್ನು ಗೆದ್ದಲು ಪೂರ್ತಿ ಓದಿ ಮುಗಿಸಿದೆ. ಮಗನಿಗೂ ಸಿಗದ ಭಾಗ್ಯ!

...ಕ್ಷಮಿಸಿ. ಮೀಸೆಯ ಅಂಟು ಕಣ್ಣಿಗೆ ತಾಗಿತು.

ತೀರ್ಪು ಇಷ್ಟೇ. ನೆಟ್ ಇಲ್ಲದ ದಿನಕ್ಕೆ, ಒಬ್ಬರೇ ಕುಳಿತು ಯೋಚಿಸುವ ಬರವಣಿಗೆಗೆ ಡೆಸ್ಕ್‌ಟಾಪ್ ಇರಲಿ. ಉಳಿದದ್ದಕ್ಕೆಲ್ಲ ಆನ್‌ಲೈನ್! ಟೀಚರಮ್ಮಾ, ನಿಮ್ಮ ಅರ್ಜಿಗೆ ಸಹಿ ಹಾಕಿದ್ದೇನೆ. ರಾಜನ ಜೇಬಿನಲ್ಲಿದೆ, ಬೆವರಿಗೆ ಸ್ವಲ್ಪ ನೆನೆದಿದೆ.

ಕೇಳಿದವರಿಗೂ, ಕೇಳಿದಂತೆ ನಟಿಸಿದವರಿಗೂ ಧನ್ಯವಾದ, ನಮಸ್ಕಾರ. ಮಕ್ಕಳೇ, ನಾಳೆ ಬೆಳಿಗ್ಗೆ ಎಂಟಕ್ಕೆ ಆ ಪೆಟ್ಟಿಗೆಯನ್ನು ಲ್ಯಾಬಿಗೆ ಹೊತ್ತು ತರುತ್ತೇನೆ. ಆರು ನಾಟಕ ಉಳಿದಿವೆ. ಪೂರ್ತಿ ಟೈಪ್ ಮಾಡೋಣ. ಆಮೇಲೆ ನಿಮ್ಮಲ್ಲಿ ಯಾರಾದರೂ ಎದುರಿಗೇ ಇನ್ನೊಂದು ಕಂಪನಿ ಕಟ್ಟಿದರೆ, ಟಿಕೆಟ್ ಕೊಂಡು ಮೊದಲ ಸಾಲಿನಲ್ಲಿ ಕೂರುವವನು ನಾನೇ!