ಸಾತವ್ವನ ಹೆಬ್ಬೆಟ್ಟು

ಕೊನೆಯ ಬಸ್ಸು ಹೂವಿನ ಹಿಪ್ಪರಗಿ ಆಚೆಯ ಕ್ರಾಸಿನಲ್ಲಿ ಇಬ್ಬರನ್ನು ಇಳಿಸಿ ಹೋಯಿತು. ತೊಂಬತ್ತೆಂಟರ ಮಾತು. ಒಬ್ಬ ದಲಾಲಿ ಅಂಗಡಿಯ ಗುರುಲಿಂಗಪ್ಪ, ನಮ್ಮ ದೊಡ್ಡಪ್ಪನ ಮಗ. ಇನ್ನೊಬ್ಬ ಅವನ ಹಳೆಯ ಹಮಾಲ ಫಕೀರಸಾಬ. ಊರಿಗೆ ಎರಡು ಮೈಲು. ನಡುವೆ ಚರ್ಚಿನ ಬಾವಿ.

"ಸಾವ್ಕಾರ್ರ, ಬಾವಿ ದಾರಿ ಬ್ಯಾಡ್ರಿ. ಸುತ್ತ ಹಾಕಿ ಹೋಗೂಣು."

"ಸತ್ತಾಕಿಗಿ ಹೆದರಿದ್ರ ದಲಾಲಿ ನಡಿತೈತೇನೋ ಸಾಬಾ?"

ಫಕೀರಸಾಬ ಹಿಂದೆ ನಡೆದ. ಹೆದರಿಕೆಗೆ ಕಾರಣ ಅವನಿಗೆ ಗೊತ್ತಿತ್ತು.

ಆ ಮೆಥಡಿಸ್ಟ್ ಚರ್ಚು ಮೂವತ್ತೊಂದರದು. ಹದಿನಾಲ್ಕು ಮನೆಯವರು ತಾವೇ ಕಲ್ಲು ಹೊತ್ತು, ಮಣ್ಣು ತುಳಿದು ಕಟ್ಟಿದ್ದು. ಒಬ್ಬರಿಗೂ ಅಕ್ಷರ ಬಾರದು. ಚರ್ಚಿನ ಮೊದಲ ಪುಸ್ತಕದಲ್ಲಿ ಮನೆಗೊಂದು ಹೆಬ್ಬೆಟ್ಟು ಒತ್ತಿದರು, ಅದೇ ಅವರ ಕರಾರು. ಜಾಗ ಕೊಟ್ಟವನು ಅವರಲ್ಲೊಬ್ಬ, ಮುದುಕಿ ಸಾತವ್ವನ ಅಪ್ಪ, ಬರೀ ಬಾಯಿಮಾತಿನಲ್ಲಿ. ಹಾಗಾಗಿ ಸರಕಾರಿ ಕಾಗದದಲ್ಲಿ ಅದು ಅಪ್ಪನ ನಂತರ ಸಾತವ್ವನದೇ ಆಯಿತು. ಗುರುಲಿಂಗಪ್ಪನ ಅಂಗಡಿಗೆ ಹತ್ತಿದ ಜಾಗ. ಎಷ್ಟು ಕೇಳಿದರೂ ಮುದುಕಿಯದು ಒಂದೇ ಮಾತು: "ದೇವರ ಜಾಗ ಮಾರಾಕ ನಾ ಯಾರಪಾ?"

ಮೊನ್ನೆ ಸತ್ತಳು. ಹೆಣ ತೊಳೆದ ಹೆಂಗಸರು ಹೊರಗೆ ಹೋದ ಗಳಿಗೆ ನೋಡಿ ಗುರುಲಿಂಗಪ್ಪ ಒಳಹೊಕ್ಕ. ತಣ್ಣಗಿನ ಹೆಬ್ಬೆಟ್ಟಿಗೆ ಮಸಿ ಹಚ್ಚಿ, ಹಿಂದಿನ ತಿಂಗಳ ತಾರೀಖಿನ ಖರೀದಿ ಬಾಂಡ್ ಪೇಪರಿಗೆ ಒತ್ತಿಕೊಂಡ. ಒರೆಸಲಿಲ್ಲ; ಮಸಿ ಇದ್ದ ಹಾಗೇ ಮುದುಕಿ ಬಾವಿಯ ಮಗ್ಗುಲಿಗೆ ಮಣ್ಣಾದಳು. ಬಾಗಿಲು ಕಾದವನು ಫಕೀರಸಾಬನೇ. ಪೇಪರು ಈಗ ಕಿಸೆಯಲ್ಲಿತ್ತು. ಬೆಳಗಾದರೆ ಚರ್ಚಿನ ಗೋಡೆಗೆ ಹಾರೆ.

ಬಾವಿ ಬಂತು...

ಸರಕ್... ಸರಕ್... ಕಟ್ಟೆಗೆ ಏನನ್ನೋ ತಿಕ್ಕುವ ಸಪ್ಪಳ.

"ಯಾರದು?" ಗುರುಲಿಂಗಪ್ಪ ಗದರಿದ.

"ನಾನಪಾ, ಗುರಲಿಂಗಾ..." ಪಿಸುದನಿ. "ಹೆಬ್ಬಟ್ಟಿನ ಮಸಿ ಹೋಗವಲ್ದು."

ಸಾತವ್ವನ ದನಿ, ಫಕೀರಸಾಬ ಗುರುತು ಹಿಡಿದ. ಗುರುಲಿಂಗಪ್ಪ ಯಾವ ಸಂತೆಯಲ್ಲೂ ಮೊದಲು ಮೆತ್ತಗಾದವನಲ್ಲ. "ನಾಳಿ ಬಾ ಯವ್ವಾ, ಸಾಬಾಣ ಕೊಡ್ತೇನಿ," ಅಂದ.

"ಈ ಕರಿ ಕೈ ತಗೊಂಡು ದೇವರ ಮುಂದ ಹ್ಯಾಂಗ ನಿಲ್ಲಲಿ? ನಿನ್ನ ಗಂಟಲಕ್ಕ ಒರಸ್ತೇನಿ... ನಾ ಒಬ್ಬಾಕಿ ಬಂದಿಲ್ಲ."

ಪಚ್... ಪಚ್... ಪಚ್... ಬಾವಿಯ ಮೆಟ್ಟಿಲೇರುವ ಒದ್ದೆ ಬರಿಗಾಲು. ಒಂದೆರಡು ಅಲ್ಲ, ಬಹಳ. ಫಕೀರಸಾಬ ಕಣ್ಣು ಮುಚ್ಚಿ ಕಲ್ಮಾ ಹೇಳತೊಡಗಿದ. ಗುರುಲಿಂಗಪ್ಪನ ಕೂಗು ಎದ್ದಿತು... ನಡುವೆಯೇ ತುಂಡಾಯಿತು.

ಬೆಳಿಗ್ಗೆ ಹಾರೆ ಹಿಡಿದ ಆಳುಗಳು ಚರ್ಚಿನ ಮುಂದೆ ಕಾದರು. ಗುರುಲಿಂಗಪ್ಪ ಬಂದ, ಬಾಯಿ ತೆರೆದ. ಬರೀ ಗಾಳಿ. ಸಂತೆಯ ಹರಾಜಿನ ಸವಾಲಿನಲ್ಲಿ ನಾಲ್ಕು ಊರಿಗೆ ಕೇಳುತ್ತಿದ್ದ ಗಂಟಲು ಅದು. ಬಾಂಡ್ ಪೇಪರು ಬಿಚ್ಚಿದ. ಹೆಬ್ಬೆಟ್ಟು ಇದ್ದಲ್ಲಿ ಹಾಲಿನಂಥ ಬಿಳುಪು. ಆಳುಗಳು ಹಾರೆ ಹೊತ್ತು ಮನೆಗೆ ಹೋದರು.

ಎಂಟು ವರ್ಷ ಬದುಕಿದ. ಒಂದು ಮಾತು ಹೊರಡಲಿಲ್ಲ. ಸವಾಲು ಕೂಗಲಾರದ ದಲಾಲಿಯ ಹತ್ತಿರ ಯಾವ ರೈತ ಬರುತ್ತಾನೆ? ಅಂಗಡಿ ಮುಚ್ಚಿತು. ಬಾಗೇವಾಡಿ ಸೀಮೆಯ ಮೇ ತಿಂಗಳ ಬಿಸಿಲಿನಲ್ಲೂ ಕಾಲರಿನ ಗುಂಡಿ ಬಿಚ್ಚಲಿಲ್ಲ, ಹೆಂಡತಿ ವಿಜಯಲಕ್ಷ್ಮಿಗೂ ಕತ್ತು ತೋರಿಸಲಿಲ್ಲ.

ಸತ್ತ ದಿನ ಸ್ನಾನದ ನೀರು ಹೊತ್ತವನು ಫಕೀರಸಾಬ. ಅವನು ಇನ್ನೂ ಇದ್ದಾನೆ, ನಮಾಜು ಬಿಡದ ಮನುಷ್ಯ. ಹೋಗಿ ಕೇಳಿರಿ. ಕತ್ತಿನ ಸುತ್ತ ಕರಿ ಹೆಬ್ಬೆಟ್ಟುಗಳು, ಚರ್ಚಿನ ಪುಸ್ತಕದ ಹದಿನಾಲ್ಕು, ಸಾತವ್ವನದು ಸೇರಿ ಹದಿನೈದು ಇರಬೇಕಿತ್ತು. ಹದಿನಾರು ಇದ್ದವು. ಒಂದು ತೀರ ಸಣ್ಣದು, ಕೂಸಿನದು. ಅದು ಯಾರದೆಂದು ಊರಲ್ಲಿ ಯಾರಿಗೂ ಗೊತ್ತಿಲ್ಲ.