ಹತ್ತಿಯ ಉರುಕುಂದಪ್ಪನೂ ನಾನೂ

ಹೆಸರು ಉರುಕುಂದಪ್ಪ, ವಯಸ್ಸು 63, ಹತ್ತಿ ವ್ಯಾಪಾರ, ವಾಸ ಪೆದ್ದಕಡುಬೂರು ರಸ್ತೆ, ಆದೋನಿ. ಈ ಮೂಲಕ ತಿಳಿಸುವುದೇನೆಂದರೆ, ಕಾರಿನಿಂದ ಹಾರಿ ಬಿದ್ದು ಸತ್ತನೆಂದು ಇಂದು ಠಾಣೆಗೆ ಫೋನ್ ಬಂದದ್ದು ನನ್ನ ಬಗ್ಗೆಯೇ. ನಾನು ಬದುಕಿದ್ದೇನೆ. ಬೆಳಿಗ್ಗೆ ಎರಡು ತಟ್ಟೆ ಮಂಡಕ್ಕಿ ಒಗ್ಗರಣಿಯನ್ನೂ ತಿಂದಿದ್ದೇನೆ.

ನಾಲ್ಕು ವರ್ಷದ ಮೊಮ್ಮಗಳು ಗಂಗೋತ್ರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾರು ಓಡಿಸುವುದು ನನ್ನ ಅಭ್ಯಾಸ. ಆಕೆಯ ತಾಯಿ, ಅಂದರೆ ನನ್ನ ಸೊಸೆ ಅಮೂಲ್ಯ, ವಿಜ್ಞಾನದ ಟೀಚರ್. ಕಾರಿನಲ್ಲಿ ಮಗುವನ್ನು ಕೂರಿಸಲೆಂದು ಆಕೆ ತಂದ ಬೆಲ್ಟಿನ ಕುರ್ಚಿಯನ್ನು ನಾನು ನಾಲ್ಕು ತಿಂಗಳಿಂದ ಡಬ್ಬದಿಂದ ತೆಗೆಯಲು ಬಿಟ್ಟಿರಲಿಲ್ಲ. ನನ್ನ ಕೈಗಳಿರುವಾಗ ಬೆಲ್ಟು ಯಾಕೆಂದು ನನ್ನ ವಾದ. ಪರೀಕ್ಷೆ ಮಾಡಿಯೇ ನೋಡೋಣವೆಂದು ಆಕೆ ಹಟ ಹಿಡಿದಳು.

ಬೆಳಿಗ್ಗೆ 9.40ಕ್ಕೆ ಹತ್ತಿಯಿಂದ ಬೀಜ ಬಿಡಿಸುವ ನಮ್ಮ ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ, ನನ್ನದೇ ಪಂಚೆ, ಅಂಗಿ, ರುಮಾಲು ತೊಡಿಸಿದ ಗೊಂಬೆಯನ್ನು ಗುಜರಿ ಕಾರಿನಲ್ಲಿ ಕೂರಿಸಿದೆವು. ಬೆಲ್ಟು ಹಾಕಲಿಲ್ಲ. ಒಳಗೆ ತುಂಬಿದ್ದು ನಮ್ಮ ಹತ್ತಿಯೇ. ಚಾಲಕ ಉಚ್ಚೀರಪ್ಪ ಟ್ರ್ಯಾಕ್ಟರಿನಿಂದ ಗಂಟೆಗೆ 25 ಕಿ.ಮೀ. ವೇಗದಲ್ಲಿ ಕಾರನ್ನು ತಳ್ಳಿ ಬಿಟ್ಟ. ಅದು ಒತ್ತಿ ಕಟ್ಟಿದ ಹತ್ತಿ ಬೇಲುಗಳಿಗೆ ಗುದ್ದಿತು. ಗಾಜಿಲ್ಲದ ಮುಂಭಾಗದಿಂದ ಗೊಂಬೆ 11 ಅಡಿ ಹಾರಿ ಬಿತ್ತು. ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ.

"ನೋಡವ್ವಾ, ಇನ್ನ ಎದ್ದು ಚಾ ಕೇಳ್ತಾನ" ಎಂದು ನಕ್ಕೆ.

"ಮಾವಾರ, ಅದು ಹತ್ತಿ ಐತ್ರಿ. ನಿಮ್ಮೊಳಗ ಎಲುಬು ಅದಾವು" ಎಂದಳು.

ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ಪುಣ್ಯಾತ್ಮರು ಇದನ್ನೇ ನೋಡಿ ಫೋನ್ ಮಾಡಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ.

10.25ಕ್ಕೆ ಎರಡನೇ ಸಲ. ಈಗ ತಲೆಗೆ ಮಣ್ಣಿನ ಮಡಕೆ, ಎದೆಗೆ ಬಿದಿರಿನ ಬುಟ್ಟಿ, ಮಿಕ್ಕದ್ದಕ್ಕೆ ಮರಳು. ತೂಕ ನನ್ನಷ್ಟೇ, 78 ಕೆ.ಜಿ. ತೊಡೆಯ ಮೇಲೆ 15 ಕೆ.ಜಿ.ಯ ಮಗುವಿನ ಗೊಂಬೆ. ದೊಡ್ಡ ಗೊಂಬೆಯ ಕೈಗಳನ್ನು ಅದರ ಸುತ್ತ ಬಿಗಿಯಾಗಿ ಕಟ್ಟಿದವನು ನಾನೇ. ವೇಗ ಮೊದಲಿನಷ್ಟೇ. ಮಡಕೆ ಒಡೆದು ಚೂರಾಯಿತು. ಮಗು ಸ್ಟಿಯರಿಂಗಿಗೂ ನನ್ನ ಎದೆಗೂ ನಡುವೆ ಸಿಕ್ಕಿ ಅಪ್ಪಚ್ಚಿಯಾಗಿತ್ತು. ಗೊಂಬೆಯ ಎದೆ ಎಂದು ಬರೆದುಕೊಳ್ಳಿ. ಕೈಗಳು ಇನ್ನೂ ಹಿಡಿದೇ ಇದ್ದವು. ನನಗೆ ಬಹಳ ಭಯವಾಯಿತು.

10.35ಕ್ಕೆ ಪೊಲೀಸರು ಬಂದು, ಸತ್ತವರು ಯಾರೆಂದು ಕೇಳಿದರು. ನಾನೇ ಎಂದೆ. ಎಲ್ಲರಿಗೂ ಚಹಾ ತರಿಸಿದೆ.

11.15ಕ್ಕೆ ಆ ಬೆಲ್ಟಿನ ಕುರ್ಚಿಯನ್ನು ನಾನೇ ನಮ್ಮ ಕಾರಿನ ಹಿಂದಿನ ಸೀಟಿಗೆ ಬಿಗಿದು ಮೊಮ್ಮಗಳನ್ನು ಕೂರಿಸಿ, ಈ ಹೇಳಿಕೆ ಕೊಡಲು ಹೊರಟೆ. ಮಿಲ್ಲಿನಿಂದ ಠಾಣೆಗೆ 3 ಕಿ.ಮೀ. "ತಾತಾ, ನಾ ನಿನ್ನ ತೊಡಿ ಮ್ಯಾಲ ಕುಂದರ್ತೀನಿ" ಎಂದು ಗಂಗೋತ್ರಿ ದಾರಿಯುದ್ದಕ್ಕೂ ಅತ್ತಳು. ನಾನು ಕಾರು ನಿಲ್ಲಿಸಲಿಲ್ಲ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಡೆದದ್ದು ಇಷ್ಟೇ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಆದೋನಿ
ದಿನಾಂಕ: 17-11-2024
ಸಹಿ: ಉರುಕುಂದಪ್ಪ